ಚಂದಾ ಮುಗಿದ ಹಾಡು

ನನ್ನ ಹಳೆಯ ಮೊಬೈಲಿನಲ್ಲಿ ಕಪ್ಪೆಗಳಿವೆ. ಒಂದೆರಡಲ್ಲ, ಒಂದು ಕೆರೆ ತುಂಬುವಷ್ಟು. ಮೊನ್ನೆ ಕಪಾಟು ಒರೆಸುವಾಗ ಆ ಮೊಬೈಲು ಕೈಗೆ ಸಿಕ್ಕಿತು. ಚಾರ್ಜಿಗೆ ಹಾಕಿದೆ. ಮಧ್ಯಾಹ್ನದ ನಿದ್ದೆಯಿಂದ ಎಬ್ಬಿಸಿದ ಅಜ್ಜನ ಹಾಗೆ ಬಹಳ ಹೊತ್ತು ಪಿಳಿಪಿಳಿ ಮಾಡಿ ಕೊನೆಗೆ ಕಣ್ಣು ತೆರೆಯಿತು. ಹಾಡುಗಳ ಜಾಗದಲ್ಲಿ ಮೊದಲಿಗೇ ಕಂಡಿದ್ದು ‘ಮಳೆಗಾಲದ ಕಪ್ಪೆಗಳು, ಭಾಗ ಎರಡು’. ಭಾಗ ಒಂದು ಎಲ್ಲಿ ಎಂದು ಕೇಳಬೇಡಿ, ಅದು ನನಗೂ ಸಿಕ್ಕಿರಲಿಲ್ಲ. ಅದರ ಕೆಳಗೆ ‘ಪರ್ವತದ ಗಾಳಿ’. ಅದರ ಕೆಳಗೆ ‘ಶಿಶುವಿಗೆ ನಿದ್ದೆ ತರಿಸುವ ಫ್ಯಾನಿನ ಸದ್ದು’. ನಮ್ಮ ಮನೆಯಲ್ಲಿ ಶಿಶು ಇಲ್ಲ. ಫ್ಯಾನು ಇದೆ, ಅದು ಬೇಕಾದ್ದಕ್ಕಿಂತ ಹೆಚ್ಚೇ ಸದ್ದು ಮಾಡುತ್ತದೆ.

ಈಗ ಇವುಗಳ ಹೆಸರಷ್ಟೇ ಉಳಿದಿದೆ. ಎಷ್ಟು ಒತ್ತಿದರೂ ಕಪ್ಪೆ ಕೂಗುವುದಿಲ್ಲ. ಆದರೆ ಒಂದು ಕಾಲದಲ್ಲಿ ಇವನ್ನೆಲ್ಲ ನಾನು ದುಡ್ಡು ಕೊಟ್ಟು ಇಳಿಸಿಕೊಂಡಿದ್ದೆ. ಕೊಟ್ಟ ಕಂಪನಿಯ ಹೆಸರು ‘ನಾದಗುಡಾಣ’. ವರ್ಷಕ್ಕೊಮ್ಮೆ ಚಂದಾ ಕಟ್ಟಬೇಕು. ತಿಂಗಳಿಗೆ ಇಂತಿಷ್ಟು ಹಾಡು ಇಳಿಸಿಕೊಳ್ಳಬಹುದು. ಇಳಿಸದೆ ಬಿಟ್ಟರೆ ಆ ತಿಂಗಳಿನದು ಹೋಯಿತು, ಮುಂದಿನ ತಿಂಗಳಿಗೆ ಸೇರುವುದಿಲ್ಲ. ಅಲ್ಲೇ ಎಡವಟ್ಟಾಗಿದ್ದು. ಕೊಟ್ಟ ದುಡ್ಡಿನದನ್ನು ಬಿಡಲು ಮನಸ್ಸು ಬರಬೇಕಲ್ಲ? ತಿಂಗಳ ಕೊನೆಯ ಸಂಜೆ, ಊಟದ ಪಂಕ್ತಿ ಏಳುವ ಹೊತ್ತಿಗೆ ಹೋಳಿಗೆಯ ಬುಟ್ಟಿ ಕಂಡವನ ಹಾಗೆ, ಹಸಿವು ಇರಲಿ ಬಿಡಲಿ, ನಾನು ಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳುತ್ತಿದ್ದೆ. ಕಪ್ಪೆಗಳು ಬಂದದ್ದು ಹಾಗೆ.

ಅವನ್ನು ಇಳಿಸಿಕೊಂಡ ವರ್ಷದ ಮಳೆಗಾಲದಲ್ಲೇ ಜಾಂಬೋಟಿಯ ಕಾಡಿನ ಕಡೆ ಹೋಗಿದ್ದೆವು. ನಾನು, ನನ್ನ ಹೆಂಡತಿ ಸುನಂದಾ, ಮತ್ತು ನಮ್ಮ ವರ್ಕ್‌ಶಾಪಿನ ಹೆಡ್ ಮೆಕ್ಯಾನಿಕ್ ದಸ್ತಗೀರನ ಸಂಸಾರ. ಬೆಳಗಾವಿಯ ಆಟೋ ನಗರದಲ್ಲಿ ದಸ್ತಗೀರ ಗಾಡಿಗಳ ಹೊಟ್ಟೆ ಬಿಚ್ಚುತ್ತಾನೆ. ನಾನು ಅದೇ ವರ್ಕ್‌ಶಾಪಿನ ಸ್ಟೋರಿನಲ್ಲಿ ಕೂತು ನಟ್ಟು ಬೋಲ್ಟು ಎತ್ತಿಕೊಡುತ್ತೇನೆ. ಗಾಡಿ ನಿಲ್ಲಿಸಿ ಚಹಾ ಕುಡಿಯುತ್ತಿದ್ದಾಗ ಸುತ್ತಲಿನ ಭತ್ತದ ಗದ್ದೆಗಳಿಂದ ಕಪ್ಪೆಗಳು ಒಂದೇ ಸಮನೆ ಶುರುವಿಟ್ಟುಕೊಂಡವು. ನಮ್ಮ ಮಾತು ನಮಗೇ ಕೇಳದಷ್ಟು. ನಾನು ಮೆಲ್ಲಗೆ ಮೊಬೈಲು ತೆಗೆದು, ಕಿವಿಗೆ ವೈರು ಚುಚ್ಚಿಕೊಂಡು, ನಾದಗುಡಾಣದ ಕಪ್ಪೆಗಳನ್ನು ಹಚ್ಚಿ, ಇವಕ್ಕೂ ಅವಕ್ಕೂ ಏನು ಫರಕು ಎಂದು ತಾಳೆ ನೋಡತೊಡಗಿದೆ.

ದಸ್ತಗೀರ ನನ್ನ ಕಿವಿಯ ವೈರು ಒಂದು ಕಡೆ ಕಿತ್ತು ತನ್ನ ಕಿವಿಗಿಟ್ಟುಕೊಂಡ. ಅವನ ಮುಖ ಉದ್ದವಾಯಿತು.

“ಮಲ್ಲಣ್ಣಾ, ಇಲ್ಲಿ ಪುಕ್ಕಟೆ ಒದರಾಕತ್ತಾವಲ್ಲೋ! ಇದಕ್ಕೂ ರೊಕ್ಕಾ ಕೊಟ್ಟೀ?”

“ಇದು ಸ್ಟೀರಿಯೋ ಐತಿ,” ಎಂದೆ.

“ಅವೂ ಸ್ಟೀರಿಯೋನ ಅದಾವು. ಎಡಕ್ಕೊಂದ ಗದ್ದಿ, ಬಲಕ್ಕೊಂದ ಗದ್ದಿ.”

ಸುನಂದಾ ಚಹಾದ ಕಪ್ಪು ಕೆಳಗಿಟ್ಟು, ಗದ್ದೆಯ ಕಡೆ ಮುಖ ಮಾಡಿ, ಭುಜ ಕುಲುಕಿಸಿ ನಕ್ಕಳು. ಬೈದರೆ ತಡೆದುಕೊಳ್ಳಬಹುದು, ಬೆನ್ನು ತಿರುಗಿಸಿ ನಗುವ ಹೆಂಡತಿಗೆ ಏನು ಹೇಳುತ್ತೀರಿ?

ಹಾಡುಗಳನ್ನು ಕೂಡಿಡುವ ಈ ಚಟ ನನಗೆ ಅಂಟಿದ್ದು ಬೀಡಿಯಲ್ಲಿ. ಸೇದುವ ಬೀಡಿಯಲ್ಲ, ಖಾನಾಪುರ ತಾಲ್ಲೂಕಿನ ಬೀಡಿ ಎಂಬ ಊರಿನಲ್ಲಿ. ನಾನು ಹುಟ್ಟಿ ಬೆಳೆದದ್ದು ಅಲ್ಲಿ. ಊರಿಗೆಲ್ಲ ಧ್ವನಿವರ್ಧಕ ಬಾಡಿಗೆ ಕೊಡುವ ಒಬ್ಬ ಮನುಷ್ಯನಿದ್ದ. ಅವನ ಹತ್ತಿರ ಇದ್ದ ರೆಕಾರ್ಡುಗಳು ಒಂದು ಕಂಕುಳಿಗೆ ಸಾಕಾಗುವಷ್ಟು. ಮದುವೆಗೂ ಅವೇ, ತೊಟ್ಟಿಲಿಗೂ ಅವೇ, ಚುನಾವಣೆಯಲ್ಲಿ ಗೆದ್ದವರಿಗೂ ಅವೇ. ಒಂದು ರೆಕಾರ್ಡಿಗೆ ಗೀರು ಬಿದ್ದಿತ್ತು. ಹಾಡುವ ಹೆಂಗಸು ಚಂದ್ರನ ಹತ್ತಿರ ಬರುತ್ತಲೇ “ಚಂದ್ರ, ಚಂದ್ರ, ಚಂದ್ರ” ಎಂದು ತೊದಲುತ್ತಿದ್ದಳು; ಅವನು ಓಡಿ ಬಂದು ಮುಳ್ಳನ್ನು ಮೆಲ್ಲಗೆ ತಟ್ಟಿದ ಮೇಲೆ ಮುಂದೆ ಹೋಗುತ್ತಿದ್ದಳು. ನಾವು ಹುಡುಗರು ಆ ಹಾಡು ಇರುವುದೇ ಹಾಗೆ ಅಂದುಕೊಂಡಿದ್ದೆವು. ಸಾಲಿಯ ವಾರ್ಷಿಕೋತ್ಸವದ ಗ್ಯಾದರಿಂಗಿನಲ್ಲಿ ನಾನು ಅದನ್ನು ಹಾಡಿದಾಗ ಅಷ್ಟೂ ಚಂದ್ರಗಳನ್ನು ಚಾಚೂ ತಪ್ಪದೆ ಹಾಡಿ, ಕೊನೆಗೆ ಗೆಳೆಯನ ಕೈಯಿಂದ ಬೆನ್ನಿಗೆ ತಟ್ಟಿಸಿಕೊಂಡು ಮುಂದುವರಿಸಿದೆ. ಚಪ್ಪಾಳೆ ಬಿತ್ತು. ದೊಡ್ಡವನಾದ ಮೇಲೆ ಬೆಳಗಾವಿಯ ಹೋಟೆಲಿನಲ್ಲಿ ಆ ಹಾಡು ಗೀರಿಲ್ಲದೆ ಕೇಳಿಸಿದಾಗ ಏನೋ ಕಳೆದುಕೊಂಡಂತಾಗಿ, ತಟ್ಟೆಯಲ್ಲಿದ್ದ ಪುರಿ ಆರುವವರೆಗೂ ಹಾಗೇ ಕೂತಿದ್ದೆ.

ಆವಾಗಲೇ ನಿಶ್ಚಯ ಮಾಡಿದ್ದೆ: ನನ್ನ ಹಾಡು ನನ್ನ ಹತ್ತಿರವೇ ಇರಬೇಕು. ಹಾಗಾಗಿ ಸುತ್ತಲಿನವರೆಲ್ಲ ಬಿಟ್ಟಿ ಹಾಡು ಕೇಳುತ್ತಿದ್ದ ಕಾಲದಲ್ಲಿ ನಾನೊಬ್ಬ ಚಂದಾ ಕಟ್ಟುತ್ತಿದ್ದೆ. ಅದಕ್ಕೆ ತಕ್ಕ ಮರ್ಯಾದೆಯೂ ಸಿಕ್ಕಿತು. ಮೊದಮೊದಲು ಸೇರಿದವರಿಗೆ ನಾದಗುಡಾಣದವರು ‘ನಾದರತ್ನ’ ಎಂಬ ಬಿರುದು ಕೊಟ್ಟರು. ನನ್ನ ಹೆಸರಿನ ಪಕ್ಕದಲ್ಲಿ ಹಳದಿ ಬಣ್ಣದ ಒಂದು ಸಣ್ಣ ವೀಣೆ ಮೂಡಿತು. ನಾನು ಅದನ್ನು ಬೀಗರಿಗೆ ತೋರಿಸಿದೆ, ಬಾಜೂ ಮನೆಯವರಿಗೆ ತೋರಿಸಿದೆ, ಹಾಲು ಹಾಕುವವನಿಗೂ ತೋರಿಸಿದೆ. ಮರುದಿನದಿಂದ ಸುನಂದಾ ಬೆಳಿಗ್ಗೆ ಬೆಳಿಗ್ಗೆ ಕೂಗಿ ಕರೆಯತೊಡಗಿದಳು:

“ನಾದರತ್ನರ, ಕಸದ ಗಾಡಿ ಬಂದೈತಿ. ಡಬ್ಬಿ ತಗೊಂಡು ಏಳ್ರಿ.”

ಬಿರುದು ಕೊಟ್ಟ ಕಂಪನಿ ಬಿರುದನ್ನು ಉಳಿಸಿಕೊಳ್ಳಲಿಲ್ಲ. ಮೊದಲು ಕೆಲವು ಹಾಡುಗಾರರು ಕಾಣೆಯಾದರು. ಫೋಟೋ ಇದೆ, ಹೆಸರಿದೆ, ಒಳಗೆ ಹೋದರೆ ಒಂದೂ ಹಾಡಿಲ್ಲ. ತಂಬೂರಿ ಹಿಡಿದು ಸುಮ್ಮನೆ ನಗುತ್ತ ಕೂತಿದ್ದಾರೆ. ಆಮೇಲೆ ಹೆಸರುಗಳು ಅದಲು ಬದಲಾದವು. ‘ಮುಂಜಾವಿನ ರಾಗಗಳು’ ಎಂದು ಇಳಿಸಿಕೊಂಡು ಸ್ನಾನ ಮಾಡಿ ಊದಿನಕಡ್ಡಿ ಹಚ್ಚಿ ಕೂತರೆ, ಒಬ್ಬ ಗಂಡಸು ಗಂಟಲು ಸರಿಮಾಡಿಕೊಂಡು, “ರೈತ ಬಾಂಧವರೇ, ಎಮ್ಮೆಯ ಕೆಚ್ಚಲು ಬಾವಿಗೆ ಮುಖ್ಯ ಕಾರಣ...” ಎಂದು ಶುರು ಮಾಡಿದ. ನಾನು ಪೂರ್ತಿ ಕೇಳಿದೆ. ಇಳಿಸಿಕೊಂಡಿದ್ದೆನಲ್ಲ.

ದೂರು ಹೇಳಲು ಅದರೊಳಗೇ ‘ನಾದಮಿತ್ರ’ ಎಂಬ ಯಂತ್ರವೊಂದಿತ್ತು. ನಾವು ಬರೆದರೆ ಅದು ಉತ್ತರ ಬರೆಯುತ್ತದೆ. ನಾನು, “ಹಾಡು ಹಾಡುತ್ತಿಲ್ಲ,” ಎಂದು ಬರೆದೆ. “ನಿಮ್ಮ ತೊಂದರೆ ನಮಗೆ ಮುಖ್ಯ. ದಯವಿಟ್ಟು ಹಾಡನ್ನು ಹಾಡಿಸಲು ಪ್ರಯತ್ನಿಸಿ,” ಎಂದಿತು. “ಪ್ರಯತ್ನಿಸಿದೆ,” ಎಂದೆ. “ಅಭಿನಂದನೆಗಳು! ನಿಮ್ಮ ತೊಂದರೆ ಬಗೆಹರಿದಿದೆ,” ಎಂದಿತು. ಸಿಟ್ಟಿನಿಂದ, “ನಿನ್ನ ತಲೆ,” ಎಂದು ಬರೆದೆ. ತಲೆ ಎಂಬ ಪದವಿರುವ ಹಾಡುಗಳನ್ನೆಲ್ಲ ಹುಡುಕಿ ಸಾಲಾಗಿ ತೋರಿಸಿತು. ಅದರಲ್ಲಿ ಎರಡು ಚೆನ್ನಾಗಿದ್ದವು, ಇಳಿಸಿಕೊಂಡೆ.

ಇಷ್ಟಾದರೂ ಯಾಕೆ ಬಿಡಲಿಲ್ಲ ಎನ್ನುವಿರಾ? ಹಳದಿ ವೀಣೆ, ಮಾರಾಯರೇ. ಬಿಟ್ಟರೆ ಅದೂ ಹೋಗುತ್ತಿತ್ತು.

ಇನ್ನು ಅತ್ತಿಯ ವಿಷಯಕ್ಕೆ ಬರುತ್ತೇನೆ. ಸುಭದ್ರಾ ಅತ್ತಿ ನನ್ನ ತಂದೆಯ ತಂಗಿ, ಖಾನಾಪುರದಲ್ಲಿರುತ್ತಾಳೆ. ಕನ್ನಡದಲ್ಲಿ ಮಾತು ಶುರು ಮಾಡಿ ಸಿಟ್ಟು ಬಂದರೆ ಮರಾಠಿಗೆ ಹೊರಳಿ, ಸಿಟ್ಟು ಇಳಿದ ಮೇಲೆ ಮತ್ತೆ ಕನ್ನಡಕ್ಕೆ ಬರುವವಳು. ಮೊಮ್ಮಕ್ಕಳು ಬಂದರೂ ಫುಗಡಿ ಬಿಟ್ಟಿಲ್ಲ. ಫುಗಡಿ ಎಂದರೆ ಹೆಂಗಸರು ಕೈ ಕೈ ಹಿಡಿದು, ಹಿಂದಕ್ಕೆ ವಾಲಿ, ಗರಗರ ತಿರುಗುವ ಆಟ. ಶ್ರಾವಣದಲ್ಲಿ ಅಲ್ಲಿಯ ಮಹಿಳಾ ಮಂಡಳದವರು ಅದಕ್ಕೊಂದು ಸ್ಪರ್ಧೆ ಇಡುತ್ತಾರೆ. ಅತ್ತಿಯ ತಂಡ ಪ್ರತಿ ಸಲ ಸೋಲುತ್ತಿತ್ತು. ಗೆಲ್ಲುತ್ತಿದ್ದುದು ಅತ್ತಿಯ ಬೀಗತಿ ಇಂದಿರಾಬಾಯಿಯ ತಂಡ. ಮಗಳನ್ನು ಕೊಟ್ಟ ಮನೆ, ಹೊರಗೆ ತೋರಿಸಿಕೊಳ್ಳುವಂತಿಲ್ಲ. ಸ್ಪರ್ಧೆ ಮುಗಿದ ಮೇಲೆ ಬೀಗತಿಗೆ ಕುಂಕುಮ ಹಚ್ಚಿ, ನಕ್ಕು, ಮನೆಗೆ ಬಂದು ಪಾತ್ರೆಗಳನ್ನು ಸ್ವಲ್ಪ ಜೋರಾಗಿ ತೊಳೆಯುತ್ತಿದ್ದಳಂತೆ.

ಆ ವರ್ಷ ಮಂಡಳದವರು ಹೊಸ ನೇಮ ಮಾಡಿದರು. ಬಾಯಲ್ಲಿ ಹಾಡುವಂತಿಲ್ಲ, ರೆಕಾರ್ಡ್ ಹಾಡಿಗೇ ಆಡಬೇಕು. ಹಿಂದಿನ ಸಲ ಒಂದು ತಂಡ ಹಾಡು ನಿಲ್ಲಿಸದೇ ಹೋಗಿ ಮುಖ್ಯ ಅತಿಥಿ ಊಟಕ್ಕೆ ಹೊರಟುಹೋಗಿದ್ದರು. ಅತ್ತಿ ನನಗೆ ಫೋನು ಮಾಡಿದಳು.

“ಮಲ್ಯಾ, ನೀ ಹಾಡಿನ್ಯಾಗ ದೊಡ್ಡ ಮನಶ್ಯಾ ಅಂತ ಸುನಂದಾ ಹೇಳತಾಳಲ್ಲ. ನಮಗೊಂದ ಛಲೋ ಹಾಡ ಕೊಡು. ಅತ್ತಿ ಸೊಸಿ ಜಗಳ ಇರಬೇಕ ನೋಡು ಅದರಾಗ.”

ಸುನಂದಾ ಅದನ್ನು ಯಾವ ಧಾಟಿಯಲ್ಲಿ ಹೇಳಿದ್ದಳೋ ಗೊತ್ತಿಲ್ಲ. ನಾನಂತೂ ಉಬ್ಬಿಹೋದೆ. ನಾದಗುಡಾಣವನ್ನು ತಡಕಾಡಿ ಹಳೆಯ ಕ್ಯಾಸೆಟ್ಟಿನದೊಂದು ಹಾಡು ಹೊರತೆಗೆದೆ. ಬೇರೆಲ್ಲೂ ಸಿಗದ ಹಾಡು. ಯಾವುದೋ ಹಳ್ಳಿಯ ಹೆಂಗಸರು ಹಾಡಿದ್ದು. ಸೊಸೆ ಅಂಗಳದಲ್ಲಿ ಗಂಡನ ಜೊತೆ ಮಾತಾಡುತ್ತ ನಿಂತು ಒಲೆಯ ಮೇಲಿನ ಭಾಕರಿ, ಅಂದರೆ ರೊಟ್ಟಿ, ಸುಟ್ಟಿರುತ್ತಾಳೆ. “ಭಾಕರಿ ಕರಕಾತ ಅತ್ತೆವ್ವಾ, ನಿನ ಮಗಾ ಕರದಿದ್ದ ಹೊರಗವ್ವಾ,” ಎಂದು ತಪ್ಪನ್ನು ಗಂಡನ ಮೇಲೆ ಹಾಕುತ್ತಾಳೆ. ಅತ್ತೆ ಬಿಡುವುದಿಲ್ಲ. ಅವಳು ಒಂದಂದರೆ ಇವಳು ಎರಡನ್ನುತ್ತಾಳೆ. ಖಾನಾಪುರಕ್ಕೆ ಹೋಗಿ ಸುಭದ್ರಾ ಅತ್ತಿಗೆ ಹಾಡು ಕೇಳಿಸಿದೆ. ಅವಳು ಕೇಳುತ್ತ ಕೇಳುತ್ತ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಇದ ಹಾಡು! ಈ ಸಲ ಇಂದಿರಾಬಾಯಿ ಕುಂತ ನೋಡಬೇಕು.”

ಹಾಡು ಇದ್ದದ್ದು ನನ್ನ ಮೊಬೈಲಿನಲ್ಲಿ ಮಾತ್ರ. ನಾದಗುಡಾಣದ ಹಾಡನ್ನು ಇನ್ನೊಂದು ಮೊಬೈಲಿಗೆ ಕಳಿಸಲು ಬರುವುದಿಲ್ಲ. ಹೀಗಾಗಿ ರವಿವಾರ ರವಿವಾರ ನಾನೇ ಖಾನಾಪುರಕ್ಕೆ ಹೋಗಿ, ಅತ್ತಿಯ ಪಡಸಾಲೆಯಲ್ಲಿ ಮೊಬೈಲು ಹಿಡಿದು ಕೂರಬೇಕಾಯಿತು. ತಂಡದಲ್ಲಿ ಅರ್ಧ ಜನ ಅತ್ತೆಯರು, ಅರ್ಧ ಜನ ಸೊಸೆಯರು. ನಿಜ ಜೀವನದಲ್ಲಿ ಸೊಸೆಯರಾದವರು ಅತ್ತೆಯ ಪಾತ್ರಕ್ಕೆ ಬಹಳ ಒತ್ತಾಯ ಮಾಡಿದರು. ಶ್ರಾವಣ ಬರುವ ಹೊತ್ತಿಗೆ ಎಲ್ಲರಿಗೂ ಹಾಡು ಬಾಯಿಪಾಠವಾಗಿತ್ತು. ಭಾಕರಿ ಬಡಿಯುವಾಗಲೂ ಅದೇ, ಬಟ್ಟೆ ಒಗೆಯುವಾಗಲೂ ಅದೇ.

ಸ್ಪರ್ಧೆಯ ದಿನ ಮಳೆ ಎಂದರೆ ಮಳೆ. ಸಭಾಭವನದ ತಗಡಿನ ಮೇಲೆ ಯಾರೋ ಜೋಳ ಸುರಿದಂತೆ. ದಸ್ತಗೀರ ವರ್ಕ್‌ಶಾಪಿನಿಂದ ಸ್ಪೀಕರು, ವೈರು ತಂದಿದ್ದ. ಅವನೂ ನಾನೂ ವೇದಿಕೆಯ ಬದಿಯಲ್ಲಿ ಕೂತೆವು. ಇಂದಿರಾಬಾಯಿಯ ತಂಡ ಮೊದಲೇ ಆಡಿ, ಬೆವರೊರೆಸಿಕೊಂಡು, ಮುಂದಿನ ಸಾಲಿನಲ್ಲಿ ನೆಟ್ಟಗೆ ಕೂತಿತ್ತು. ಅತ್ತಿಯ ತಂಡ ಹಸಿರು ಸೀರೆಯಲ್ಲಿ ಬಂದು ನಿಂತಿತು. ನಾನು ಹಾಡು ಹಚ್ಚಿದೆ.

ಭಾಕರಿ ಕರಕಾಯಿತು. ಸೊಸೆಯರು ತಿರುಗಿದರು. ಅತ್ತೆಯರು ಕೈ ಹಿಡಿದರು. ಇನ್ನೇನು ವೇಗ ಏರಬೇಕು, ಹಾಡು ಗಕ್ಕನೆ ನಿಂತಿತು. ಸ್ಪೀಕರಿನಿಂದ ಒಬ್ಬ ಹುಡುಗಿಯ ದನಿ, ತಣ್ಣಗೆ, ಅಚ್ಚುಕಟ್ಟಾಗಿ, ಇಡೀ ಭವನಕ್ಕೆ ಕೇಳುವಂತೆ ಬಂತು:

“ಪ್ರಿಯ ಶ್ರೋತೃಗಳೇ, ನಿಮ್ಮ ಚಂದಾ ಅವಧಿ ಮುಗಿದಿದೆ. ದಯವಿಟ್ಟು ನವೀಕರಿಸಿ.”

ಚಂದಾ ಮುಗಿದಿರಲಿಲ್ಲ. ಇಳಿಸಿಕೊಂಡ ಹಾಡನ್ನು ತಿಂಗಳಿಗೊಮ್ಮೆ ಕಂಪನಿಯ ಕಂಪ್ಯೂಟರು ದೂರದಿಂದಲೇ ಮುಟ್ಟಿ ನೋಡಬೇಕಂತೆ, ಆಗಲೇ ಅದು ಮುಂದಕ್ಕೂ ಹಾಡುವುದು, ಇಲ್ಲದಿದ್ದರೆ ಆರಂಭದ ತುಣುಕಷ್ಟೇ. ಆ ಕಂಪ್ಯೂಟರು ಕೆಟ್ಟು ಕೂತಿತ್ತು. ಮಳೆಗೆ ಖಾನಾಪುರದ ನೆಟ್‌ವರ್ಕೂ ಹೋಗಿತ್ತು. ಇದೆಲ್ಲ ಆಮೇಲೆ ತಿಳಿದದ್ದು. ಆಗ ಕಂಡದ್ದು ಇಷ್ಟೇ: ವೇದಿಕೆಯ ಮೇಲೆ ಹಸಿರು ಸೀರೆಯ ಹೆಂಗಸರು ಅರ್ಧ ವಾಲಿದ ಹಾಗೇ ನಿಂತಿದ್ದಾರೆ, ಯಾರಾದರೂ ಕೈ ಬಿಟ್ಟರೆ ಎಲ್ಲರೂ ಬೀಳುತ್ತಾರೆ.

“ಮಲ್ಲಣ್ಣಾ,” ದಸ್ತಗೀರ ಪಿಸುಗುಟ್ಟಿದ, “ನಿನ್ನ ರತ್ನ ಒಡೀತು.”

ನಾನು ಹಾಡನ್ನು ಮೊದಲಿನಿಂದ ಹಚ್ಚಿದೆ. ಅವರು ಮೊದಲಿನಿಂದ ಆಡಿದರು. ಅದೇ ಜಾಗಕ್ಕೆ ಬಂದಾಗ ಅದೇ ಹುಡುಗಿ: ಚಂದಾ ಅವಧಿ ಮುಗಿದಿದೆ. ಮುಂದಿನ ಸಾಲಿನಲ್ಲಿ ಇಂದಿರಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಕಣ್ಣು ಮಾತ್ರ ಕಾಣುತ್ತಿತ್ತು. ಅಷ್ಟು ಸಾಕಾಗಿತ್ತು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅತ್ತಿಯ ಮುಖ ನೋಡಲು ಧೈರ್ಯವಾಗದೆ ವೈರು ನೋಡುತ್ತ ಕೂತೆ. ಏನು ಮಾಡಬೇಕೋ ತಿಳಿಯದೆ ಮೂರನೇ ಸಲ ಹಚ್ಚಿದೆ. ಮೂರನೇ ಸಲ ಆ ಹುಡುಗಿ, “ನಿಮ್ಮ ಚಂದಾ ಅವಧಿ ಮುಗಿದಿದೆ,” ಎಂದದ್ದೇ ತಡ, ಅತ್ತಿ ಗುಂಪಿನಿಂದ ಹೊರಗೆ ಬಂದು, ಎರಡೂ ಕೈ ಸೊಂಟದ ಮೇಲಿಟ್ಟು, ಸ್ಪೀಕರಿನ ಮುಂದೆ ನಿಂತಳು.

“ಏನವಾ? ಏನ ಮುಗದೈತಿ?”

ಭವನದವರೆಲ್ಲ ಕತ್ತು ಚಾಚಿದರು.

“ಬಂದಾಗಿಂದ ಬಾಗಲದಾಗ ನಿಂತ ಮುಗದೈತಿ, ಮುಗದೈತಿ ಅನ್ನಾಕತ್ತೀ. ಯಾರ ಮನಿ ಸೊಸಿ ನೀ? ಹಿಟ್ಟ ಮುಗದೈತೋ, ಎಣ್ಣಿ ಮುಗದೈತೋ, ಅದನ್ನರೆ ಹೇಳು!”

ಯಾರೋ ಹಿಂದೆ ಕಿಸಕ್ಕೆಂದರು. ಅತ್ತಿ ನನ್ನ ಕಡೆ ತಿರುಗಿ ಕಣ್ಣಲ್ಲೇ ‘ಹಚ್ಚೋ’ ಎಂದಳು. ನಾನು ಹಚ್ಚಿದೆ. ಈ ಸಲ ಅವರು ಆ ತುಣುಕಿಗೆ ತಿರುಗಿದ ರಭಸಕ್ಕೆ ಮುಡಿಯ ಮಲ್ಲಿಗೆ ಹೂವು ಸಭೆಗೆಲ್ಲ ಚೆದುರಿತು. ದನಿ ಬರುತ್ತಲೇ ಎಲ್ಲರೂ ಒಟ್ಟಿಗೆ ನಿಂತು ಸೊಂಟಕ್ಕೆ ಕೈ ಇಟ್ಟರು. “ದಯವಿಟ್ಟು ನವೀಕರಿಸಿ,” ಎಂದಿತು ಸ್ಪೀಕರು. “ನವೀಕರಿಸಿ ಅಂದ್ರ ಏನಬೇ?” ಎಂದಳು ಒಬ್ಬ ಸೊಸೆ. “ಪ್ಯಾಟಿ ಹುಡುಗಿ ಅದಾಳ, ಚಹಾ ಬೇಡಾಕತ್ತಾಳ,” ಎಂದಳು ಇನ್ನೊಬ್ಬಳು. ಅತ್ತಿ ಇಲ್ಲದ ಕಪ್ಪಿಗೆ ಇಲ್ಲದ ಚಹಾ ಸುರಿದು ಸ್ಪೀಕರಿಗೆ ಕೊಟ್ಟಳು. ಮತ್ತೆ ಹಾಡು, ಮತ್ತೆ ಹುಡುಗಿ, ಮತ್ತೆ ಜಗಳ. ಹಾಡಿನೊಳಗಿನ ಸೊಸೆ ಒಬ್ಬಳೇ ಇದ್ದಳು. ಈಗ ಸ್ಪೀಕರಿನೊಳಗೆ ಇನ್ನೊಬ್ಬ ಸೊಸೆ ಬಂದಿದ್ದಳು, ಪುಸ್ತಕದ ಕನ್ನಡ ಮಾತಾಡುವ ಹಟಮಾರಿ ಸೊಸೆ. ಅವಳಿಗೆ ಏನು ಬೈದರೂ ಒಂದೇ ಉತ್ತರ. ಜನ ಹೊಟ್ಟೆ ಹಿಡಿದುಕೊಂಡರು. ತೀರ್ಪುಗಾರರಲ್ಲೊಬ್ಬರ ಕನ್ನಡಕ ಜಾರಿ ತಟ್ಟೆಯ ಉಪ್ಪಿಟ್ಟಿನಲ್ಲಿ ಬಿತ್ತು. ಇಂದಿರಾಬಾಯಿ ಸೆರಗು ಬಿಟ್ಟು ಎದುರಿಗೇ ನಕ್ಕಳು.

ಎರಡನೇ ಬಹುಮಾನ ಬಂತು, ಮುಚ್ಚಳದ ಸ್ಟೀಲ್ ಡಬ್ಬಿಗಳು. ಮೊದಲನೆಯದು ಮತ್ತೆ ಇಂದಿರಾಬಾಯಿಗೇ. ಆದರೆ ಮರುವಾರ ನಾನು ಹೋದಾಗ ಖಾನಾಪುರದಲ್ಲಿ ಯಾರೂ ಮೊದಲ ಬಹುಮಾನದ ಮಾತಾಡುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಒಬ್ಬರು ಖಾಲಿ ಕಪ್ಪು ಎತ್ತಿ, “ನವೀಕರಿಸ್ರೆಪಾ,” ಎಂದಿದ್ದನ್ನು ನನ್ನ ಕಿವಿಯಾರೆ ಕೇಳಿದೆ.

ಕೆಲವು ತಿಂಗಳ ಮೇಲೆ ನಾದಗುಡಾಣದಿಂದ ಸಂದೇಶ ಬಂತು. ಕಂಪನಿ ಮುಚ್ಚುತ್ತಿದೆ, ಇಳಿಸಿಕೊಂಡ ಹಾಡುಗಳೂ ಮುಂದಿನ ವಾರದಿಂದ ಹಾಡುವುದಿಲ್ಲ, ಇಷ್ಟು ದಿನದ ಪ್ರೀತಿಗೆ ಧನ್ಯವಾದ. ಕೆಳಗೆ ಒಂದು ಹಳದಿ ವೀಣೆ. ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ? ಅಷ್ಟು ವರ್ಷ ಕೂಡಿಟ್ಟದ್ದು! ಸುನಂದಾ ಈ ಸಲ ನಗಲಿಲ್ಲ. ಚಹಾ ತಂದಿಟ್ಟು, “ಹೋಗ್ಲಿ ಬಿಡ್ರಿ,” ಎಂದಳು. ಅದೇ ಇನ್ನೂ ಕಷ್ಟವಾಯಿತು.

ಸುದ್ದಿ ಕೇಳಿ ಅತ್ತಿ ಕೆಂಡವಾಗಿ ಫೋನಿನಲ್ಲೇ ಮರಾಠಿಗೆ ಹೊರಳಿದಳು. ರವಿವಾರ ನಮ್ಮಿಬ್ಬರನ್ನೂ ಖಾನಾಪುರಕ್ಕೆ ಕರೆಸಿ, ತಂಡದವರನ್ನೆಲ್ಲ ಪಡಸಾಲೆಯಲ್ಲಿ ಕೂಡಿಸಿ, “ಹಚ್ಚ ಅವರಿಗೆ ಫೋನು. ನಮ್ಮ ಹಾಡರೆ ಕೊಟ್ಟ ಹೋಗ್ರಿ ಅನ್ನು,” ಎಂದಳು. ನಾನು ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡು ಬಂದಿದ್ದೆ. ವರ್ಷಗಟ್ಟಲೆ ಹಚ್ಚಿದರೂ ಎತ್ತದ ಆ ನಂಬರು ಅಂದು ಮೊದಲ ಗಂಟೆಗೇ ಎತ್ತಿತು. ಆ ಆಶ್ಚರ್ಯದಲ್ಲಿ ನನ್ನ ಬೈಗುಳಗಳೆಲ್ಲ ಮರೆತುಹೋದವು.

“ನಮಸ್ಕಾರ, ನಾದಗುಡಾಣ. ಹೇಳಿ, ನಾನು ನಿಮಗೆ ಹೇಗೆ ಸಹಾಯ ಮಾಡಲಿ?”

ಸ್ಪೀಕರಿನಲ್ಲಿ ಹಾಕಿದ್ದೆ. ಪಡಸಾಲೆಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಣ್ಣಗಿನ, ಅಚ್ಚುಕಟ್ಟಾದ ಅದೇ ದನಿ.

“ಅಯ್ಯ,” ಎಂದಳು ಒಬ್ಬಳು, “ಮುಗದೈತಿ ಹುಡುಗಿ!”

ನಾನು ತಡವರಿಸುತ್ತ ಕೇಳಿದೆ, “ಆ ಚಂದಾ ಅವಧಿ ಮುಗಿದಿದೆ ಅಂತ ಹೇಳೋದು ನೀವೇ ಏನ್ರಿ? ಯಂತ್ರ ಅಲ್ಲಾ?”

“ಹೌದು ಸರ್. ದನಿ ಕೊಡುವವರನ್ನು ಕರೆಸಲು ಆಗಲಿಲ್ಲ ಅಂತ ನನ್ನ ಕೈಯಿಂದಲೇ ಓದಿಸಿದ್ದರು. ಈಗ ಆಫೀಸಿನಲ್ಲಿ ನಾನೊಬ್ಬಳೇ ಇದ್ದೇನೆ. ನೀವು ಬೈಯುವುದಿದ್ದರೆ ಬೈಯಿರಿ ಸರ್, ಬೆಳಗಿನಿಂದ ಎಲ್ಲರೂ ಬೈಯುತ್ತಿದ್ದಾರೆ.”

ಅತ್ತಿ ಮೊಬೈಲು ಕಸಿದುಕೊಂಡಳು.

“ಬೈಯೋದ ಯಾಕ ತಂಗಿ? ಊಟಾ ಆತೇನ ನಿಂದು?”

ಆಮೇಲೆ ಅತ್ತಿ ಎಲ್ಲ ಹೇಳಿದಳು: ಮಳೆ, ಹಸಿರು ಸೀರೆ, ಅರ್ಧಕ್ಕೆ ವಾಲಿ ನಿಂತದ್ದು, ಇಲ್ಲದ ಚಹಾ, ಉಪ್ಪಿಟ್ಟಿನಲ್ಲಿ ಬಿದ್ದ ಕನ್ನಡಕ. ಸುತ್ತಲಿನವರು ನಡುನಡುವೆ ಬಾಯಿ ಹಾಕಿದರು. ಆ ಕಡೆಯ ಪುಸ್ತಕದ ಕನ್ನಡ ಮೆಲ್ಲಗೆ ಕಳಚತೊಡಗಿತು. ಮೊದಲು, “ಹೌದಾ ಅಮ್ಮಾ?” ಎಂದಳು. ಆಮೇಲೆ, “ಖರೇನ?” ಎಂದಳು. ಕೊನೆಗೆ, “ಅಯ್ಯ ಯವ್ವಾ, ಸಾಕ ಬಿಡ್ರಿ, ನನಗ ನಗು ತಡಿಯಾಕ ಆಗವಲ್ತು!” ಎಂದಳು. ಅವಳ ಹೆಸರು ರೇಣುಕಾ. ಬೈಲಹೊಂಗಲದ ಹುಡುಗಿ.

ನಗು ನಿಂತ ಮೇಲೆ ಅವಳು ಸಣ್ಣ ದನಿಯಲ್ಲಿ ಹೇಳಿದಳು: “ನನ್ನ ದನಿ ಕೇಳಿ ಬೈದವರನ್ನ ಅಷ್ಟ ನಾ ಕಂಡೇನ್ರಿ. ಕುಣದವರ ಇದ್ದಾರಂತ ಇವತ್ತ ಗೊತ್ತಾತು.”

ಹಾಡು ಕೊಡಲು ಅವಳಿಂದ ಆಗುತ್ತಿರಲಿಲ್ಲ. ಹಾಡುಗಳಿಗೆ ಬೀಗ ಹಾಕಿದ ಎಂಜಿನಿಯರು ಕೆಲಸ ಬಿಟ್ಟು ಹೋಗಿದ್ದ. ಅದನ್ನು ಹೇಳುವಾಗ ಅವಳಿಗೆ ನಿಜಕ್ಕೂ ಕೆಡುಕೆನಿಸಿದಂತಿತ್ತು. “ಆ ಭಾಕರಿ ಹಾಡು ನಾನೂ ಪೂರಾ ಕೇಳಿಲ್ರಿ. ನಮಗ ತುಣಕ ಅಷ್ಟ ಕೇಳಾಕ ಬಿಡತಿದ್ರು.”

ಅತ್ತಿ ತಂಡದವರ ಕಡೆ ನೋಡಿದಳು. ಒಬ್ಬಳು ಮೊಬೈಲನ್ನು ತೆಗೆದು ನಡುವೆ ಮಣೆಯ ಮೇಲಿಟ್ಟಳು. ಎಲ್ಲರೂ ಅದರ ಸುತ್ತ ಕೈ ಹಿಡಿದು ನಿಂತರು. ನಂತರ ಸೊಸೆಯರು ಎತ್ತಿಕೊಂಡರು, ಅತ್ತೆಯರು ಉತ್ತರ ಕೊಟ್ಟರು. ಭಾಕರಿ ಸುಟ್ಟಿತು, ಗಂಡ ಬೈಸಿಕೊಂಡ, ಅತ್ತೆ ಮುನಿದಳು, ಸೊಸೆ ಮತ್ತೆ ಹಿಟ್ಟು ನಾದಿದಳು, ರಾಜಿಯಾಯಿತು. ಮೊದಲಿನಿಂದ ಕೊನೆಯವರೆಗೆ ಒಂದು ಸಾಲೂ ಬಿಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಸುನಂದಾ ಯಾವಾಗ ಒಳಗೆ ಹೋಗಿ ಕೈ ಹಿಡಿದಳೋ ನಾನು ನೋಡಲಿಲ್ಲ. ನೋಡಿದಾಗ ಅವಳೂ ತಿರುಗುತ್ತಿದ್ದಳು. ಮಣೆಯ ಮೇಲಿನಿಂದ ರೇಣುಕಾಳ ಚಪ್ಪಾಳೆ ಕೇಳುತ್ತಿತ್ತು, ಖಾಲಿ ಆಫೀಸಿನ ಗೋಡೆಗಳಿಗೆ ಬಡಿದು ಒಬ್ಬಳದು ನಾಲ್ಕು ಜನರದ್ದಾಗಿ.

“ಕೆಲಸ ಮುಗಿಸಿ ಊರಿಗೆ ಹೋಗೂ ಮುಂದ ಇಲ್ಲಿ ಬಂದ ಹೋಗು,” ಎಂದಳು ಅತ್ತಿ ಏದುಸಿರು ಬಿಡುತ್ತ. “ಬಿಸಿ ಭಾಕರಿ ತಿಂದ ಹೋಗೂವಂತಿ.”

“ಬರ್ತೀನ್ರಿ ಅತ್ತಿ,” ಎಂದಳು ಅವಳು. ಹೀಗೆ ಹೇಳಿದವರು ಬರುವುದಿಲ್ಲ ಎಂದು ನಾನಂದುಕೊಂಡೆ.

ಬಂದಳು. ಮುಂದಿನ ತಿಂಗಳು ಒಂದು ರವಿವಾರ ಬೆಳಿಗ್ಗೆ. ನಾನು ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ದನಿಯಿಂದ ಎತ್ತರದ, ಠೀವಿಯ ಹೆಂಗಸನ್ನು ಎಣಿಸಿಕೊಂಡಿದ್ದೆ; ಇಳಿದು ಬಂದದ್ದು ಸಣ್ಣ ಮುಖದ, ಕುಳ್ಳಗಿನ, ನೆಗಡಿಯಾದ ಹುಡುಗಿ. ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಚೀಲ. ದಾರಿಯಲ್ಲಿ ನಾಚಿಕೊಂಡು ಒಂದು ಮಾತೂ ಆಡಲಿಲ್ಲ. ನನಗೇ ಅನುಮಾನ ಬಂತು, ಬೇರೆ ಯಾರನ್ನೋ ಕರೆದುಕೊಂಡು ಹೊರಟೆನೇನೋ ಎಂದು.

ಅತ್ತಿಯ ಮನೆಯ ಕಟ್ಟೆಯ ಮೇಲೆ ತಂಡದ ಹೆಂಗಸರು ಆಗಲೇ ಬಂದು ಕೂತಿದ್ದರು. ಅವರು ಅವಳನ್ನು ನೋಡಿದರು. ನನ್ನ ಕಡೆಯ ಯಾರೋ ಹುಡುಗಿ ಇರಬೇಕೆಂದು ಅತ್ತಿತ್ತ ಸರಿದು ದಾರಿ ಬಿಟ್ಟರು. ಮತ್ತೆ ರಸ್ತೆಯ ಕಡೆ ಕಣ್ಣು ಹಾಕಿದರು. ರೇಣುಕಾ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು, ಗಂಟಲು ಸರಿಮಾಡಿಕೊಂಡು, ಮೆಲ್ಲಗೆ ಕೇಳಿದಳು:

“ಸುಭದ್ರಾ ಅತ್ತಿಯವರ ಮನಿ ಇದ ಏನ್ರಿ?”

ಅಷ್ಟೇ. ಕಟ್ಟೆಯ ಮೇಲಿದ್ದ ಅಷ್ಟೂ ಜನ ಒಟ್ಟಿಗೆ ಎದ್ದರು. ಒಳಗಿನಿಂದ ಅತ್ತಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಯಾರೋ ಗಲ್ಲ ಹಿಡಿದರು, ಯಾರೋ ಕೈ ಎಳೆದರು, ಯಾರೋ, “ಇನ್ನೊಮ್ಮೆ ಮಾತಾಡ ಬೇ, ಇನ್ನೊಮ್ಮೆ ಮಾತಾಡು,” ಎನ್ನುತ್ತಿದ್ದರು. ಆ ಹುಡುಗಿ ಹಸಿರು ಕೆಂಪು ಸೆರಗುಗಳ ನಡುವೆ ಎಲ್ಲಿ ಹೋದಳೋ ಕಾಣಲೇ ಇಲ್ಲ, ನಗು ಮಾತ್ರ ಕೇಳುತ್ತಿತ್ತು. ನಾನು ಅವಳ ಚೀಲ, ಛತ್ರಿ ಹಿಡಿದುಕೊಂಡು ಅಂಗಳದಲ್ಲೇ ನಿಂತೆ. ಬಾಗಿಲಲ್ಲಿ ಕಾಲಿಡಲು ಜಾಗವಿರಲಿಲ್ಲ.